ತಜ್ಞರ ಉತ್ತರ: ಚಾಂಪಿಯನ್ ಆಗಿದ್ದೆ, ಕೋಚ್ ಆಗಬಲ್ಲೆನೇ?

ಪ್ರಶ್ನೆ: ನನಗೆ 29 ವರ್ಷ. ಕರಾಟೆಯ ಕುಮಿತೆಯಲ್ಲಿ, ಅಂದರೆ ಎದುರಾಳಿಯ ಜೊತೆ ಆಡುವ ಹೋರಾಟದಲ್ಲಿ, 61 ಕೆ.ಜಿ. ಒಳಗಿನ ವರ್ಗದಲ್ಲಿ ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದೇನೆ. ಎರಡು ವರ್ಷದಿಂದ ಬಲಗಡೆ ಸೊಂಟದ ಕೀಲಿನಲ್ಲಿ, ತೊಡೆಸಂದಿಯ ಹತ್ತಿರ, ನೋವು. ಕಳೆದ ವರ್ಷದಿಂದ ನಮ್ಮ ಕ್ಲಬ್ಬಿನ 12ರಿಂದ 17 ವರ್ಷದ ಮಕ್ಕಳಿಗೆ ಕುಮಿತೆ ಕಲಿಸುತ್ತಿದ್ದೇನೆ. ಈಗ ಮುಖ್ಯ ಕೋಚ್ ಆಗಿ ಎಂದು ಕೇಳುತ್ತಿದ್ದಾರೆ. ನಾನು ಸ್ಪರ್ಧೆಯನ್ನು ಇನ್ನೂ ಬಿಟ್ಟಿಲ್ಲ. ನನ್ನ ಕಷ್ಟ ಇದು: ನನಗೆ ಪದಕ ತಂದುಕೊಟ್ಟ ಗ್ಯಾಕು-ಜುಕಿ (ಹಿಂದಿರುವ ಕೈಯಿಂದ ಬಿಡುವ ಪಂಚ್) ಪ್ರತಿದಾಳಿಯನ್ನು ಎಷ್ಟು ತೋರಿಸಿದರೂ ಮಕ್ಕಳಿಗೆ ಹತ್ತುತ್ತಿಲ್ಲ. ಡ್ರಿಲ್‌ನಲ್ಲಿ ಚೆನ್ನಾಗಿ ಮಾಡುತ್ತಾರೆ, ಬೌಟ್‌ನಲ್ಲಿ ಪ್ರತಿ ಸಲ ತಡ. ನಾನೇ ಅವರ ಜೊತೆ ಸ್ಪಾರಿಂಗ್ ಮಾಡಿ ತೋರಿಸುತ್ತೇನೆ, ಆದರೂ ಅಷ್ಟೇ. ಕೋಚ್ ಕುರ್ಚಿಯಲ್ಲಿ ಕೂತರೆ ಕೈ ನಡುಗುತ್ತದೆ; ನಾನು ಆಡುವಾಗ ಹೀಗೆ ಯಾವತ್ತೂ ಆಗಿಲ್ಲ. ಹಿಂದಿನ ಪಂದ್ಯಾವಳಿಯಲ್ಲಿ 14 ವರ್ಷದ ಹುಡುಗಿಯೊಬ್ಬಳು 2–1 ಮುಂದಿದ್ದಳು. 'ಹಿಂದೆ ಸರಿ, ಹಿಂದೆ ಸರಿ' ಎಂದು ಕೂಗುತ್ತಲೇ ಇದ್ದೆ. ಕೊನೆಯ ಕ್ಷಣದಲ್ಲಿ ತಲೆಗೆ ಒದೆ ತಿಂದು 2–4ರಲ್ಲಿ ಸೋತಳು. ಎಲ್ಲರೆದುರು ಅವಳ ಮೇಲೆ ರೇಗಿದೆ. ಆಮೇಲಿನ ತಿಂಗಳಲ್ಲಿ ಅವಳೂ ಇನ್ನೊಬ್ಬ ಹುಡುಗನೂ ಬರುವುದನ್ನೇ ಬಿಟ್ಟರು. ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗುವುದಿಲ್ಲ ಅನ್ನುತ್ತಾರೆ ಕೆಲವರು. ಪದಕ ಇಲ್ಲದವರ ಮಾತು ಮಕ್ಕಳು ಕೇಳುವುದಿಲ್ಲ, ನೀವೇ ಸರಿ ಅನ್ನುತ್ತಾರೆ ಇನ್ನು ಕೆಲವರು. ನಾನು ಸ್ಪರ್ಧೆ ಬಿಡಬೇಕೇ? ನನಗೆ ಕೋಚ್ ಆಗುವ ಗುಣ ಇದೆಯೇ?

ಉತ್ತರ: ನೀವು ಕೊನೆಯಲ್ಲಿ ಕೇಳಿರುವುದು ಗುಣದ ಬಗ್ಗೆ. ಆದರೆ ಪತ್ರವನ್ನು ಬಿಡಿಸಿ ನೋಡಿದರೆ ಒಳಗಿರುವುದು ಬೇರೆ ಬೇರೆ ಸಂಗತಿಗಳು. ನಿಮಗೆ ಬರುವುದನ್ನು ಇನ್ನೊಬ್ಬರಿಗೆ ದಾಟಿಸಲಾಗುತ್ತಿಲ್ಲ. ಸೊಂಟ ನೋಯುತ್ತಿದೆ. ಕುರ್ಚಿಯಲ್ಲಿ ಕೂತಾಗ ಮೈ ನಿಮ್ಮ ಮಾತು ಕೇಳುತ್ತಿಲ್ಲ. ಎಲ್ಲವೂ ಒಟ್ಟಿಗೆ ಮೈಮೇಲೆ ಬಂದಿರುವುದರಿಂದ 'ನನ್ನಲ್ಲೇ ಏನೋ ಕೊರತೆ ಇದೆ' ಅನ್ನುವ ಒಂದೇ ವಿವರಣೆ ನಿಮಗೆ ಹೊಳೆಯುತ್ತಿದೆ. ಹೋರಾಟದ ಕ್ರೀಡೆಗಳಲ್ಲಿ ಕೋಚ್‌ಗಳನ್ನು ತಯಾರು ಮಾಡುವುದೇ ನನ್ನ ಕೆಲಸ. ಚಾಂಪಿಯನ್ ಆಗಿದ್ದು ಆ ಕಡೆಯಿಂದ ಈ ಕಡೆಗೆ ಬಂದವರ ಮೊದಲ ವರ್ಷ ಬಹುಪಾಲು ನಿಮ್ಮ ಪತ್ರದಂತೆಯೇ ಇರುತ್ತದೆ. ಹುಟ್ಟುಗುಣದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಜನ ಹೇಳುವ ಆ ಎರಡು ಮಾತುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ದೊಡ್ಡ ಆಟಗಾರರು ಒಳ್ಳೆಯ ಕೋಚ್ ಆಗುವುದಿಲ್ಲ ಅನ್ನುವುದಕ್ಕೆ ಕರಾಟೆಯಲ್ಲೇ ಎದ್ದು ಕಾಣುವ ಅಪವಾದವಿದೆ. ಒಕಿನಾವಾದ ತ್ಸುಗುಓ ಸಕುಮೊಟೊ 1984, 1986, 1988ರಲ್ಲಿ ಸತತ ಮೂರು ಸಲ ಕತಾ (ಎದುರಾಳಿಯಿಲ್ಲದೆ ನಿಗದಿತ ಚಲನೆಗಳನ್ನು ಮಾಡಿ ತೋರಿಸುವ ವಿಭಾಗ) ವಿಶ್ವ ಚಾಂಪಿಯನ್ ಆದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕತಾ ಚಿನ್ನ ಗೆದ್ದ ರ್ಯೋ ಕಿಯುನಾ ಇದೇ ಸಕುಮೊಟೊ ಅವರ ಶಿಷ್ಯ. ಆದರೆ ವರ್ಷಗಳನ್ನು ಗಮನಿಸಿ. ಗುರುವಿನ ಕೊನೆಯ ವಿಶ್ವ ಪ್ರಶಸ್ತಿ 1988ರಲ್ಲಿ, ಶಿಷ್ಯನ ಮೊದಲ ವಿಶ್ವ ಪ್ರಶಸ್ತಿ 2014ರಲ್ಲಿ. ನಡುವೆ 26 ವರ್ಷ. ಪದಕಗಳ ಪಟ್ಟಿ ಓದುವವರ ಕಣ್ಣಿಗೆ ಈ ನಡುವಿನ ಕಾಲ ಬೀಳುವುದೇ ಇಲ್ಲ. ಕಲಿಸುವ ಕೆಲಸ ನಡೆಯುವುದು ಅಲ್ಲಿಯೇ.

ಪದಕ ಇಲ್ಲದವರ ಮಾತು ಮಕ್ಕಳು ಕೇಳುವುದಿಲ್ಲ ಅನ್ನುವುದು ಅರ್ಧ ನಿಜ. ಪದಕಕ್ಕೆ ಬಾಗಿಲು ತೆರೆಯುವ ಶಕ್ತಿ ಇದೆ. ಮೊದಲ ಕೆಲವು ತಿಂಗಳು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ, ಹೆತ್ತವರು ಹೆಮ್ಮೆಯಿಂದ ಶುಲ್ಕ ಕಟ್ಟುತ್ತಾರೆ. ಆಮೇಲೆ ಮಗು ನೋಡುವುದು ಒಂದೇ ವಿಷಯ: ಇವರ ಹತ್ತಿರ ಬಂದ ಮೇಲೆ ನನ್ನ ಆಟ ಸುಧಾರಿಸಿತೋ ಇಲ್ಲವೋ.

ಈಗ ನಿಮ್ಮ ಗ್ಯಾಕು-ಜುಕಿಗೆ ಬರೋಣ. ನಿಮ್ಮ ಪತ್ರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು.

ಮಕ್ಕಳು ಡ್ರಿಲ್‌ನಲ್ಲಿ ಚೆನ್ನಾಗಿ ಮಾಡುತ್ತಾರೆ, ಬೌಟ್‌ನಲ್ಲಿ ತಡವಾಗುತ್ತಾರೆ ಎಂದು ಬರೆದಿದ್ದೀರಿ. ಇದನ್ನು ಕೇಳಿದ ಕೋಚ್‌ಗಳು ಸಾಮಾನ್ಯವಾಗಿ ವೇಗ ಸಾಲದು ಎಂದು ತೀರ್ಮಾನಿಸಿ ರಬ್ಬರ್ ಪಟ್ಟಿ, ಸ್ಪ್ರಿಂಟ್, ಇನ್ನೂ ಇನ್ನೂರು ಪಂಚ್ ಎಂದು ಶುರು ಮಾಡುತ್ತಾರೆ. ಕೈ ನಿಧಾನವಾಗಿದ್ದರೆ ಡ್ರಿಲ್‌ನಲ್ಲೂ ನಿಧಾನವಾಗಿಯೇ ಇರಬೇಕಿತ್ತಲ್ಲ? ಕೈ ಸರಿಯಾಗಿಯೇ ಇದೆ, ತಡವಾಗುತ್ತಿರುವುದು ಕಣ್ಣು.

ಕರಾಟೆ ಪಟುಗಳನ್ನೂ ಹೊಸಬರನ್ನೂ ಪಕ್ಕಪಕ್ಕದಲ್ಲಿಟ್ಟು ಮಾಡಿದ ಪ್ರಯೋಗಗಳಿವೆ. ಪರದೆಯ ಮೇಲೆ ಚುಕ್ಕಿ ಕಂಡ ಕೂಡಲೇ ಗುಂಡಿ ಒತ್ತಿ ಎಂದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎದುರಾಳಿ ದಾಳಿಗಿಳಿಯುವ ವಿಡಿಯೊ ತೋರಿಸಿ, ಹೊಡೆತ ಮುಖಕ್ಕೆ ಬರುತ್ತದೋ ಹೊಟ್ಟೆಗೋ ಎಂದು ಕೇಳಿದಾಗ ಪಟುಗಳು ಬಹಳ ಮುಂದಿದ್ದರು. ಅಂದರೆ ಚಾಂಪಿಯನ್ ಹೊಡೆತಕ್ಕೆ ಬೇಗ ಪ್ರತಿಕ್ರಿಯಿಸುತ್ತಾರೆ ಅನ್ನುವುದಕ್ಕಿಂತ ಹೊಡೆತ ಹುಟ್ಟುವ ಮೊದಲೇ ಅದನ್ನು ಓದಿರುತ್ತಾರೆ. ಮುಂಗಾಲಿನ ಮೇಲೆ ಬೀಳುವ ಭಾರ, ಹಿಂಗಾಲಿನ ಹಿಮ್ಮಡಿ ಏಳುವುದು, ಕುಣಿತದ ಲಯದಲ್ಲಿ ಅರ್ಧ ಕ್ಷಣದ ತಡೆ, ಒಂದು ಭುಜ ಕೆಳಗಿಳಿಯುವುದು. ಇವುಗಳಲ್ಲಿ ಯಾವುದನ್ನೋ ನೀವು ನೋಡುತ್ತಿದ್ದೀರಿ. ಯಾವುದು ಎಂದು ಕೇಳಿದರೆ ಹೇಳಲು ನಿಮಗೆ ಬಾರದು. ಅದು ಸೋಮಾರಿತನವೂ ಅಲ್ಲ, ಗುಟ್ಟು ಮಾಡುವುದೂ ಅಲ್ಲ. ಸಾವಿರಾರು ಸಲ ಮಾಡಿದ ಕೆಲಸ ಮಾತಿನ ಹಿಡಿತದಿಂದ ಹೊರಗೆ ಹೋಗಿಬಿಡುತ್ತದೆ. ಎಷ್ಟು ಚೆನ್ನಾಗಿ ಬರುತ್ತದೋ ಅಷ್ಟು ಕಡಿಮೆ ನೆನಪು. ಹಾಗಾಗಿ ಕಲಿಸಲು ನಿಂತ ಚಾಂಪಿಯನ್ ಹೇಳುವುದು ತನಗೆ ಕಾಣುವ ಕೊನೆಯ ಭಾಗವನ್ನು ಮಾತ್ರ: ಸೊಂಟ ತಿರುಗಿಸು, ಕೈ ಬೇಗ ಬಿಡು, ಬೇಗ ಹಿಂದೆ ಎಳೆ. ಹುಡುಗರು ಅದನ್ನು ಶ್ರದ್ಧೆಯಿಂದ ಮಾಡುತ್ತಾರೆ. ಕೈ ಸರಿಯಾಗಿ ಹೋಗುತ್ತದೆ, ಹೊತ್ತು ಮೀರಿದ ಮೇಲೆ.

ನಿಮ್ಮ ಡ್ರಿಲ್ ಹೇಗಿರುತ್ತದೆ ಎಂದು ನೀವು ಬರೆದಿಲ್ಲ. ಹೆಚ್ಚಿನ ಡೋಜೊಗಳಲ್ಲಿ (ಕರಾಟೆ ಶಾಲೆಗಳಲ್ಲಿ) ಹೇಗಿರುತ್ತದೋ ಹಾಗೆಯೇ ಇರಬಹುದು. ಎರಡು ಸಾಲು ಎದುರುಬದುರು ನಿಲ್ಲುತ್ತದೆ. 'ಇಚಿ' (ಒಂದು) ಎಂದಾಗ ಈ ಸಾಲಿನವರು ಮುಖಕ್ಕೆ ಕಿಜಾಮಿ-ಜುಕಿ (ಮುಂದಿರುವ ಕೈಯ ಪಂಚ್) ಬಿಡುತ್ತಾರೆ, ಆ ಸಾಲಿನವರು ಪ್ರತಿದಾಳಿ ಮಾಡುತ್ತಾರೆ. 'ನಿ' (ಎರಡು) ಎಂದಾಗ ಮತ್ತೆ ಅದೇ. ಇಲ್ಲಿ ಮಗು ಕಲಿಯುತ್ತಿರುವುದು ನಿಮ್ಮ ಧ್ವನಿಗೆ ಪ್ರತಿಕ್ರಿಯಿಸುವುದನ್ನು. ದಾಳಿ ಯಾವಾಗ ಬರುತ್ತದೆ, ಯಾವುದು ಬರುತ್ತದೆ, ಎಷ್ಟು ದೂರದಿಂದ ಬರುತ್ತದೆ, ಮೂರೂ ಮೊದಲೇ ಗೊತ್ತು. ಬೌಟ್‌ನಲ್ಲಿ ಈ ಮೂರರಲ್ಲಿ ಒಂದೂ ಗೊತ್ತಿರುವುದಿಲ್ಲ. ಎಣಿಕೆ ಕೂಗುವವರು ಟಾಟಾಮಿಯ (ಪಂದ್ಯದ ಚಾಪೆಯ) ಮೇಲೆ ಇರುವುದಿಲ್ಲವಲ್ಲ.

ಬದಲಿಗೆ ಹೀಗೆ ಮಾಡಿ ನೋಡಿ. ದಾಳಿ ಮಾಡುವ ಮಗುವಿನ ಕಿವಿಯಲ್ಲಿ ಮಾತ್ರ ಆಯ್ಕೆ ಹೇಳಿ: ನಿಜವಾಗಿ ಬಾ, ಅಥವಾ ಕಾಲು ಮಾತ್ರ ಹಾಕಿ ನಿಲ್ಲು, ಅಥವಾ ಸುಮ್ಮನೆ ಕುಣಿಯುತ್ತಿರು. ಎದುರಿನ ಮಗು ನಿಜವಾದ ದಾಳಿಗೆ ಮಾತ್ರ ಹೊಡೆಯಬೇಕು, ಹುಸಿಗೆ ಕೈ ಬಿಟ್ಟರೆ ಒಂದು ಅಂಕ ಕಳೆತ. ಮೊದಲ ವಾರ ನೋಡಲು ಅಸಹ್ಯವಾಗಿರುತ್ತದೆ. ತಪ್ಪು ಹೆಚ್ಚುತ್ತದೆ, ಕೈಕಾಲು ಗೊಂದಲವಾಗುತ್ತದೆ, ಬದಿಯಲ್ಲಿ ಕೂತ ಹೆತ್ತವರು ಮುಖ ಮುಖ ನೋಡಿಕೊಳ್ಳುತ್ತಾರೆ. ಒಂದೇ ಚಲನೆಯನ್ನು ಸಾಲಾಗಿ ಮಾಡಿಸಿದಾಗ ಆ ಸಂಜೆಯ ಅಭ್ಯಾಸ ಚೆಂದ ಕಾಣುತ್ತದೆ. ಕಲಸಿ ಮಾಡಿಸಿದಾಗ ಕೆಟ್ಟದಾಗಿ ಕಂಡರೂ ಕೆಲವು ವಾರದ ಮೇಲೆ ಉಳಿಯುವುದು ಹೆಚ್ಚು. ಚಲನೆಯ ಕಲಿಕೆಯ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಚಾಂಪಿಯನ್ ಕೋಚ್‌ಗಳಿಗೆ ಈ ಕೆಟ್ಟ ವಾರವನ್ನು ಸಹಿಸುವುದೇ ದೊಡ್ಡ ಕಷ್ಟ, ಯಾಕೆಂದರೆ ಅವರ ಕಣ್ಣಿಗೆ ಅಚ್ಚುಕಟ್ಟು ಅಭ್ಯಾಸವಾಗಿರುತ್ತದೆ.

ನಿಮ್ಮ ಹಳೆಯ ಬೌಟ್‌ಗಳ ವಿಡಿಯೊ ಇದ್ದರೆ ತೆಗೆಯಿರಿ. ನೀವು ಅಂಕ ಗಳಿಸಿದ ಕ್ಷಣವನ್ನು ತೋರಿಸಬೇಡಿ. ನಿಮ್ಮ ಕೈ ಹೊರಡುವ ಸ್ವಲ್ಪ ಮೊದಲು ಚಿತ್ರ ನಿಲ್ಲಿಸಿ, 'ಈಗ ಏನು ಬರುತ್ತದೆ, ಯಾವುದನ್ನು ನೋಡಿ ಹೇಳಿದಿರಿ' ಎಂದು ಮಕ್ಕಳನ್ನೇ ಕೇಳಿ. ನೀವು ಹೇಳಬೇಡಿ, ನಿಮಗೂ ಅದು ಖಚಿತವಾಗಿ ಗೊತ್ತಿಲ್ಲ. ಒಬ್ಬ ಹುಡುಗ ಮೊಣಕಾಲು ಅನ್ನುತ್ತಾನೆ, ಇನ್ನೊಬ್ಬಳು ಮುಂಗೈ ಅನ್ನುತ್ತಾಳೆ. ಎಂಟು ಹತ್ತು ತುಣುಕು ಹೀಗೆ ನೋಡಿದರೆ ಯಾರ ಊಹೆ ಸರಿಹೋಗುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ. ಎಷ್ಟೋ ಚಾಂಪಿಯನ್‌ಗಳು ತಾವು ಏನು ನೋಡುತ್ತಿದ್ದೆವು ಎಂದು ಮೊದಲ ಸಲ ತಿಳಿದುಕೊಳ್ಳುವುದು ಇಂಥ ಕೂಟದಲ್ಲಿ, ಹದಿಮೂರು ವರ್ಷದ ಮಗುವಿನ ಬಾಯಿಂದ.

ಹೇಳುವ ಮಾತನ್ನೂ ಬದಲಿಸಿ. ಮೈಯೊಳಗಿನ ಅಂಗಗಳನ್ನು ಹೆಸರಿಸಿ ಆದೇಶ ಕೊಡುವುದಕ್ಕಿಂತ ಹೊರಗಿನ ಗುರಿಯನ್ನು ತೋರಿಸಿದರೆ ಚಲನೆ ಸರಾಗವಾಗುತ್ತದೆ. 'ಸೊಂಟ ತಿರುಗಿಸು, ಮೊಣಕೈ ಒಳಗಿಡು' ಎಂದಾಗ ಮಗು ತನ್ನ ಸೊಂಟವನ್ನೇ ಯೋಚಿಸುತ್ತಾ ನಿಲ್ಲುತ್ತದೆ. 'ಅವನ ಬೆಲ್ಟಿನ ಗಂಟಿನ ಮೇಲ್ಗಡೆ ಮುಷ್ಟಿ ಮುಟ್ಟಿಸಿ, ಅವನ ಕೈ ಸಿಗುವ ಮೊದಲು ವಾಪಸ್ ಬಾ' ಅಂದರೆ ಸೊಂಟ ತಾನಾಗಿ ತಿರುಗುತ್ತದೆ.

ಇನ್ನೊಂದು ಮಾತು. ಗ್ಯಾಕು-ಜುಕಿ ಪ್ರತಿದಾಳಿ ನಿಮ್ಮ ಎತ್ತರಕ್ಕೆ, ನಿಮ್ಮ ತಾಳ್ಮೆಗೆ, ನಿಮ್ಮ ಕಾಲದ ನಿಯಮಗಳಿಗೆ ಹೊಂದಿಕೊಂಡು ಬೆಳೆದ ಆಟ. ಗಿಡ್ಡ ಕಾಲಿನ, ಮುನ್ನುಗ್ಗುವ ಸ್ವಭಾವದ ಮಗುವಿಗೆ ಅದು ಒಗ್ಗದೆ ಇರಬಹುದು. ತರಗತಿಯ ಎಲ್ಲರೂ ಕೋಚ್‌ನ ಪ್ರತಿಬಿಂಬದ ಹಾಗೆ ಆಡುವ ಕ್ಲಬ್‌ಗಳನ್ನು ಪಂದ್ಯಾವಳಿಯಲ್ಲಿ ದೂರದಿಂದಲೇ ಗುರುತಿಸಬಹುದು. ಎದುರಾಳಿ ಕೋಚ್‌ಗೂ ಅದು ಸುಲಭದ ತುತ್ತು: ಒಬ್ಬಳನ್ನು ಓದಿದರೆ ಎಲ್ಲರನ್ನೂ ಓದಿದಂತೆ.

ಆ 14 ವರ್ಷದ ಹುಡುಗಿಯ ಬೌಟ್ ಇದಕ್ಕೆ ಒಳ್ಳೆಯ ಉದಾಹರಣೆ. ನಿಮಗೆ ನೋವಾಗಬಹುದು, ಆದರೂ ಬಿಡಿಸಿ ನೋಡುವುದು ಒಳ್ಳೆಯದು. ಕೈಹೊಡೆತಕ್ಕೆ ಒಂದು ಅಂಕ ಯುಕೊ, ಹೊಟ್ಟೆ-ಬೆನ್ನಿನ ಭಾಗಕ್ಕೆ ಒದ್ದರೆ ಎರಡು ಅಂಕ ವಾಜಾ-ಅರಿ, ತಲೆಗೆ ಒದ್ದರೆ ಮೂರು ಅಂಕ ಇಪ್ಪೊನ್. ಒಂದೇ ಅಂಕದ ಮುನ್ನಡೆ ಇರುವಾಗ ಕೊನೆಯ ಕ್ಷಣಗಳಲ್ಲಿ ಹಿಂದೆ ಸರಿಯುತ್ತಾ ಹೋದರೆ ಎದುರಾಳಿಗೆ ಸಿಗುವುದು ಏನು? ಒದೆಗೆ ಬೇಕಾದ ದೂರ. ಹೊಡೆತದ ಅಳತೆಯೊಳಗೆ ಅಂಟಿಕೊಂಡಿದ್ದರೆ ತಲೆಯ ಮಟ್ಟಕ್ಕೆ ಕಾಲೆತ್ತುವುದು ಕಷ್ಟ. ಹಿಂದೆ ಸರಿದವಳು ಆ ಜಾಗವನ್ನು ತಾನೇ ಮಾಡಿಕೊಟ್ಟಳು. ಜೊತೆಗೆ ಅಂಗಣದ ಗೆರೆ ದಾಟಿದರೆ ಜೊಗಾಯ್ ದಂಡನೆ, ಹೋರಾಟ ತಪ್ಪಿಸಿಕೊಂಡರೆ ಬೇರೆ ದಂಡನೆ. ಕೊನೆಯ 15 ಸೆಕೆಂಡಿನಲ್ಲಿ ಹಾಗೆ ಓಡಿದರೆ ಮೊದಲ ಅಂಕದಿಂದ ಬಂದ, ಅಂಕ ಸಮವಾದರೆ ಗೆಲುವು ಕೊಡುವ ಸೆನ್ಷು ಅನುಕೂಲವೂ ಕೈಬಿಡುತ್ತದೆ. 'ಹಿಂದೆ ಸರಿ' ಎಂಬ ಸಲಹೆ ನಿಮಗೆ ಸರಿಯಾದದ್ದು. ಹಿಂದೆ ಸರಿಯುತ್ತಲೇ ಎದುರಾಳಿಯನ್ನು ಓದಿ ಹೊಡೆಯುವುದು ನಿಮಗೆ ಗೊತ್ತು. ಅವಳಿಗೆ ಹಿಂದೆ ಸರಿಯುವುದಷ್ಟೇ ಗೊತ್ತಿತ್ತು. ನೀವು ಕುರ್ಚಿಯಲ್ಲಿ ಕೂತು ನಿಮ್ಮ ಬೌಟ್ ಆಡುತ್ತಿದ್ದಿರಿ, ಅವಳ ಕಾಲುಗಳನ್ನು ಬಳಸಿಕೊಂಡು.

ಕೈ ನಡುಗುವುದಕ್ಕೂ ಇದೇ ಕಾರಣ. ನಿಮ್ಮ ಮೈ ಹೋರಾಟಕ್ಕೆ ಸಿದ್ಧವಾಗುತ್ತದೆ, ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಆದರೆ ಖರ್ಚು ಮಾಡಲು ಹೋರಾಟವೇ ಇಲ್ಲ. ಸ್ಪರ್ಧಿಯಾಗಿದ್ದಾಗ ಮೊದಲ ಹೆಜ್ಜೆ ಹಾಕಿದ ಕೂಡಲೇ ಅದು ಇಳಿದುಹೋಗುತ್ತಿತ್ತು. ಅದನ್ನು ದೌರ್ಬಲ್ಯ ಅಂದುಕೊಳ್ಳಬೇಡಿ. ಆದರೆ ಆ ಸ್ಥಿತಿಯಲ್ಲಿ ತೆಗೆದುಕೊಳ್ಳುವ ತೀರ್ಮಾನಗಳ ಬಗ್ಗೆ ಎಚ್ಚರ ಬೇಕು. ವಿಡಿಯೊ ಮರುಪರಿಶೀಲನೆ ಇರುವ ಕೂಟಗಳಲ್ಲಿ ಅದನ್ನು ಕೇಳಲು ಕಾರ್ಡ್ ಎತ್ತುವುದು ಕೋಚ್‌ನ ಕೆಲಸ, ಬೇಡಿಕೆ ತಿರಸ್ಕೃತವಾದರೆ ಕಾರ್ಡ್ ಕೈತಪ್ಪುತ್ತದೆ. ರಕ್ತ ಬಿಸಿಯಾಗಿರುವ ಹೊಸ ಕೋಚ್‌ಗಳು ಮೊದಲ ನಿಮಿಷದಲ್ಲೇ ಅದನ್ನು ಕಳೆದುಕೊಳ್ಳುತ್ತಾರೆ.

ಕುಮಿತೆಯಲ್ಲಿ ಬಾಕ್ಸಿಂಗ್‌ನ ಹಾಗೆ ಸುತ್ತುಗಳ ನಡುವೆ ಸ್ಟೂಲ್ ಇಟ್ಟು ಮಾತಾಡುವ ವಿರಾಮವಿಲ್ಲ. ಹಿರಿಯರಿಗೆ 3 ನಿಮಿಷ, ಕೆಡೆಟ್ (14–15 ವರ್ಷ) ಮತ್ತು ಜೂನಿಯರ್‌ಗಳಿಗೆ (16–17 ವರ್ಷ) 2 ನಿಮಿಷ ಒಂದೇ ಓಟ. ರೆಫರಿ 'ಯಾಮೆ' ಎಂದು ನಿಲ್ಲಿಸಿ ಮತ್ತೆ ಶುರು ಮಾಡುವ ನಡುವಿನ ಆ ಕೆಲವು ಸೆಕೆಂಡುಗಳಷ್ಟೇ ನಿಮ್ಮದು. ಅಷ್ಟರಲ್ಲಿ ಒಂದು ಮಾತು ತಲುಪಿದರೆ ದೊಡ್ಡದು. ಆ ಮಾತು ಅಭ್ಯಾಸದಲ್ಲಿ ನೂರು ಸಲ ಕೇಳಿದ್ದಾಗಿರಬೇಕು, ಹೊಸ ತಂತ್ರವನ್ನು ಕುರ್ಚಿಯಿಂದ ಕಲಿಸಲು ಆಗುವುದಿಲ್ಲ. ನಾನು ಹೊಸಬರಿಗೆ ಹೇಳುವುದು: ಪ್ರತಿ ಮಗುವಿನ ಜೊತೆ ಮೊದಲೇ ಕೂತು ಮೂರು ಸಣ್ಣ ಪದಗಳನ್ನು ಒಪ್ಪಿಕೊಳ್ಳಿ, ಬೌಟ್‌ನಲ್ಲಿ ಆ ಮೂರನ್ನು ಬಿಟ್ಟು ಬಾಯಿ ತೆರೆಯಬೇಡಿ. ಉಳಿದ ಹೊತ್ತಿನಲ್ಲಿ ಕೈಗೆ ಒಂದು ಪೆನ್ಸಿಲ್ ಕೊಡಿ, ಎದುರಾಳಿ ಎಲ್ಲಿಂದ ಹೊರಡುತ್ತಾಳೆ ಎಂದು ಗೀಚುತ್ತಿರಿ. ನಡುಗುವ ಕೈಗೆ ಕೆಲಸ ಸಿಕ್ಕಿದರೆ ಅರ್ಧ ಸಮಸ್ಯೆ ಕಡಿಮೆ. ಸೋತ ಮಗುವಿನ ಜೊತೆ ಆಟದ ವಿಶ್ಲೇಷಣೆ ಅವತ್ತು ಬೇಡ. ನೀರು ಕೊಡಿ, ಪೆಟ್ಟಾಗಿದೆಯೇ ನೋಡಿ, ಅಷ್ಟು ಸಾಕು.

ಮಕ್ಕಳು ಬಿಟ್ಟುಹೋದ ವಿಷಯ. ಹುಡುಗ ಯಾಕೆ ಬಿಟ್ಟ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ವಯಸ್ಸಿನ ಮಕ್ಕಳು ಓದು, ಬೇಸರ, ಗೆಳೆಯರು, ಗಾಯ ಹೀಗೆ ಹತ್ತು ಕಾರಣಕ್ಕೆ ಆಟ ಬಿಡುತ್ತಾರೆ, ಎಲ್ಲವನ್ನೂ ತಲೆ ಮೇಲೆ ಎಳೆದುಕೊಳ್ಳಬೇಡಿ. ಹುಡುಗಿಯ ವಿಷಯ ಬೇರೆ. ಅವಳ ಮನೆಗೆ ಫೋನ್ ಮಾಡಿ, ವಾಪಸ್ ಬಾ ಎಂದು ಕೇಳುವುದಕ್ಕಲ್ಲ, ಸಲಹೆ ನನ್ನದು, ತಪ್ಪು ನಿನ್ನದಲ್ಲ ಎಂದು ಹೇಳುವುದಕ್ಕೆ. ಹೆತ್ತವರ ಎದುರು ಹೇಳಿ, ಯಾಕೆಂದರೆ ರೇಗಿದ್ದೂ ಎಲ್ಲರ ಎದುರೇ. ಅವಳು ಬರಲಿ ಬಿಡಲಿ, ಅದು ಅವಳಿಗೆ ಬಿಟ್ಟಿದ್ದು.

ನಮ್ಮ ಕ್ರೀಡೆಯಲ್ಲಿ ಒಂದು ಹಳೆಯ ವಾದವಿದೆ: ನಾವೂ ಬೈಸಿಕೊಂಡು, ಪೆಟ್ಟು ತಿಂದು ಬೆಳೆದವರೇ, ಅದರಿಂದಲೇ ಗಟ್ಟಿಯಾದೆವು. ಹೀಗೆ ಹೇಳಲು ಇಂದು ಉಳಿದಿರುವವರು ಉಳಿದುಕೊಂಡವರು ಮಾತ್ರ. ಬಿಟ್ಟುಹೋದವರ ಅಭಿಪ್ರಾಯ ಯಾರೂ ಕೇಳಿಲ್ಲ. ಟೋಕಿಯೊ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ, 2021ರಲ್ಲಿ, ಜಪಾನ್ ತಂಡದ ಅಯುಮಿ ಉಎಕುಸಾ ತಮ್ಮ ಗುರು ಬಿದಿರಿನ ಕತ್ತಿ ಹಿಡಿದು ಮಾಡಿಸುತ್ತಿದ್ದ ಅಭ್ಯಾಸದಲ್ಲಿ ಕಣ್ಣಿಗೆ ಪೆಟ್ಟಾಯಿತೆಂದು ದೂರು ಕೊಟ್ಟರು. ಆಕೆ 2016ರ ವಿಶ್ವ ಚಾಂಪಿಯನ್, ಆ ಗುರು ರಾಷ್ಟ್ರೀಯ ಫೆಡರೇಷನ್ನಿನ ತಾಂತ್ರಿಕ ಸಮಿತಿಯ ಮುಖ್ಯಸ್ಥ. ಅವರು ಆ ಹುದ್ದೆ ಕಳೆದುಕೊಂಡರು. ಕರಾಟೆ ಹುಟ್ಟಿದ ದೇಶದಲ್ಲೇ, ವಿಶ್ವ ಚಾಂಪಿಯನ್ನಿಗೇ ಈ ಪದ್ಧತಿ ಸರಿಯಲ್ಲ ಎಂದಾದ ಮೇಲೆ 14 ವರ್ಷದ ಮಕ್ಕಳ ಮೇಲೆ ಅದನ್ನು ಪ್ರಯೋಗಿಸಲು ಯಾವ ಸಮರ್ಥನೆಯೂ ಉಳಿಯುವುದಿಲ್ಲ. ನೀವು ಒಮ್ಮೆ ರೇಗಿದ್ದನ್ನು ಅದಕ್ಕೆ ಹೋಲಿಸುತ್ತಿಲ್ಲ. ಆದರೆ ಆ ದಾರಿ ಶುರುವಾಗುವುದು 'ಒಮ್ಮೆ' ಇಂದಲೇ.

ನೀವೇ ಮಕ್ಕಳ ಜೊತೆ ಸ್ಪಾರಿಂಗ್ ಮಾಡುತ್ತೀರಿ ಅನ್ನುವ ಸಾಲು ನನಗೆ ಹಿಡಿಸಲಿಲ್ಲ. ಇನ್ನೂ ಸ್ಪರ್ಧೆಯಲ್ಲಿರುವ 29ರ ಚಾಂಪಿಯನ್‌ಗೂ 13ರ ಮಗುವಿಗೂ ನಡುವೆ ಆಗುವುದು ಸ್ಪಾರಿಂಗ್ ಅಲ್ಲ. ನೀವು ಎಷ್ಟೇ ಹಗುರವಾಗಿ ಆಡಿದರೂ ಮಗು ಕಲಿಯುವುದು ಒಂದೇ, ನಾನೇನು ಮಾಡಿದರೂ ಹೊಡೆತ ಬೀಳುತ್ತದೆ. ಅಪಾಯವೂ ಇದೆ. ಕಿರಿಯರ ವಿಭಾಗಗಳಲ್ಲಿ ಮುಖಕ್ಕೆ ಕೈ ತಾಗಿದರೇ ದಂಡನೆ ಇರುವುದು ಸುಮ್ಮನೆ ಅಲ್ಲ, ಬೆಳೆಯುವ ತಲೆಗೆ ಪೆಟ್ಟು ಬೀಳಬಾರದೆಂದೇ. ತಲೆಗೆ ಪೆಟ್ಟು ಬಿದ್ದ ಮಗು ಮಂಕಾದರೆ, ತಲೆಸುತ್ತು, ವಾಂತಿ, ಗೊಂದಲ ಕಂಡರೆ ಅವತ್ತಿಗೆ ಆಟ ಮುಗಿಯಿತು. ವೈದ್ಯರು ನೋಡಿ ಒಪ್ಪುವವರೆಗೆ ವಾಪಸಿಲ್ಲ. ಟೂರ್ನಿ ಫೈನಲ್ ಆಗಿದ್ದರೂ ಅಷ್ಟೇ. ಹಾಗೆಯೇ ತೂಕ ಇಳಿಸಿ ಕೆಳಗಿನ ವರ್ಗಕ್ಕೆ ಹೋಗುವ ಉಪಾಯ ನೀವು ಮಾಡಿರಬಹುದು, ಬೆಳೆಯುವ ಮಕ್ಕಳಿಗೆ ಅದನ್ನು ಹೇಳಿಕೊಡಬೇಡಿ.

ಈಗ ಸೊಂಟ. ನಾನು ವೈದ್ಯನಲ್ಲ, ಒದೆಯುವ ಆಟಗಾರರ ಸೊಂಟಗಳನ್ನು ಬಹಳ ನೋಡಿದವನು ಅಷ್ಟೇ. ತೊಡೆಸಂದಿಯ ಒಳಗೆ ಆಳದಲ್ಲಿ ನೋವು, ಬಹಳ ಹೊತ್ತು ಕೂತು ಎದ್ದಾಗ ಹಿಡಿತ, ಮೊಣಕಾಲನ್ನು ಎದೆಗೆ ತಂದು ಒಳಗೆ ತಿರುಗಿಸಿದರೆ ಚುಚ್ಚುವುದು, ಎಲ್ಲಿ ನೋವು ಎಂದು ಕೇಳಿದರೆ ಹೆಬ್ಬೆರಳು ಹಿಂದೆ, ನಾಲ್ಕು ಬೆರಳು ಮುಂದೆ ಮಾಡಿ ಸೊಂಟವನ್ನು ಹಿಡಿದು ತೋರಿಸುವುದು, ಇವು ನಿಮಗೂ ಇದ್ದರೆ ಕೀಲಿನ ಗುಂಡಿಗೂ ಬಟ್ಟಲಿನ ಅಂಚಿಗೂ ತಿಕ್ಕಾಟವಾಗುವ ಇಂಪಿಂಜ್‌ಮೆಂಟ್ ಸಮಸ್ಯೆಯನ್ನು ವೈದ್ಯರು ಮೊದಲು ಯೋಚಿಸುತ್ತಾರೆ. ಬಟ್ಟಲಿನ ಅಂಚಿಗಿರುವ ಲ್ಯಾಬ್ರಮ್ ಎಂಬ ಪಟ್ಟಿ ಹರಿದಿರಬಹುದು. ಇಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಸ್ಕ್ಯಾನ್‌ನಲ್ಲಿ ಹರಿದದ್ದು ಕಂಡರೆ ಆಟ ಮುಗಿಯಿತು ಅನ್ನುವುದು ಒಂದು. ನೋವೇ ಇಲ್ಲದ ಎಷ್ಟೋ ಕ್ರೀಡಾಪಟುಗಳ ಸ್ಕ್ಯಾನ್‌ನಲ್ಲೂ ಅದು ಕಾಣುತ್ತದೆ. ಆಪರೇಷನ್ ಮಾಡಿಸಿದರೆ ಹೊಸ ಸೊಂಟ ಅನ್ನುವುದು ಇನ್ನೊಂದು. ಕೀಲುದರ್ಶಕ ಶಸ್ತ್ರಚಿಕಿತ್ಸೆಯಿಂದ (ಆರ್ಥ್ರೋಸ್ಕೋಪಿಯಿಂದ) ಅನೇಕರಿಗೆ ಅನುಕೂಲವಾಗುತ್ತದೆ, ಆದರೆ ಚೇತರಿಕೆಗೆ ತಿಂಗಳುಗಳು ಬೇಕು. ಎಲ್ಲರೂ ಹಳೆಯ ಮಟ್ಟಕ್ಕೆ ಮರಳುವುದಿಲ್ಲ, ಮೃದ್ವಸ್ಥಿ ಸವೆದಿದ್ದರಂತೂ ಫಲ ಕಡಿಮೆ. ಮೊದಲು ಮೂರು ತಿಂಗಳು ಬಿಗಿಯಾದ ಫಿಸಿಯೋಥೆರಪಿ, ಆಮೇಲೆ ಚಾಕುವಿನ ಯೋಚನೆ. ನೋವಿನ ಮಾತ್ರೆ ನುಂಗಿ ಬೌಟ್ ಆಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ.

ನಿಮ್ಮ ಸೊಂಟವನ್ನು ಹಾಳುಮಾಡುತ್ತಿರುವುದು ಸ್ಪರ್ಧೆಯೇ ಎಂದು ನೀವು ಅಂದುಕೊಂಡಿರಬಹುದು. ಕಲಿಸುವುದೂ ಆಗಿರಬಹುದು. ಗಮನಿಸಿ: ಸಂಜೆ ತರಗತಿಯಲ್ಲಿ ಮಕ್ಕಳು ವಾರ್ಮ್-ಅಪ್ ಮಾಡುವಾಗ ನೀವು ಹಾಜರಿ ಹಾಕುತ್ತಾ, ಹೆತ್ತವರ ಜೊತೆ ಮಾತಾಡುತ್ತಾ ನಿಂತಿರುತ್ತೀರಿ. ಆಮೇಲೆ ತಣ್ಣಗಿನ ಮೈಯಲ್ಲಿ, ಯಾವಾಗಲೂ ಚೆಂದ ಬರುವ ಅದೇ ಬಲಗಾಲಿನಲ್ಲಿ, ತಲೆಯ ಎತ್ತರಕ್ಕೆ ಮವಾಶಿ-ಗೇರಿ (ಬದಿಯಿಂದ ಸುತ್ತಿ ಬರುವ ಒದೆ) ತೋರಿಸುತ್ತೀರಿ. ಅರ್ಥವಾಗದವರಿಗೆ ಮತ್ತೊಮ್ಮೆ, ನಿಧಾನವಾಗಿ, ಕಾಲನ್ನು ಗಾಳಿಯಲ್ಲೇ ನಿಲ್ಲಿಸಿ. ನಿಧಾನವಾಗಿ ಹಿಡಿದು ನಿಲ್ಲಿಸುವ ಒದೆ ಸೊಂಟಕ್ಕೆ ವೇಗದ ಒದೆಗಿಂತ ಹಗುರ ಎಂದು ಅಂದುಕೊಳ್ಳಬೇಡಿ. ಇದಕ್ಕೆ ಮದ್ದು ಸುಲಭ. ಒದೆ ತೋರಿಸಲು 17ರ ಹುಡುಗಿಯನ್ನು ಮುಂದೆ ನಿಲ್ಲಿಸಿ. ಅವಳಿಗೂ ಹೆಮ್ಮೆ, ಮಕ್ಕಳಿಗೂ ತಮ್ಮ ಅಳತೆಯ ಮಾದರಿ.

ವಯಸ್ಸು ಮೀರಿತೇ ಎಂಬ ಅನುಮಾನ ನಿಮ್ಮ ಪತ್ರದಲ್ಲಿ ಅಡಗಿದೆ. ಟೋಕಿಯೊದಲ್ಲಿ ಕತಾ ಚಿನ್ನ ಗೆದ್ದಾಗ ಸ್ಪೇನಿನ ಸಾಂಡ್ರಾ ಸಾಂಚೆಜ್‌ಗೆ 39. ಕತಾ ಬೇರೆ ಅನ್ನುತ್ತೀರಾದರೆ, 75 ಕೆ.ಜಿ. ಕುಮಿತೆ ಫೈನಲ್ ಆಡಿದ ಇಟಲಿಯ ಲುಯಿಜಿ ಬೂಸಾಗೆ 33, ಅಜರ್‌ಬೈಜಾನಿನ ರಫಾಯೆಲ್ ಅಗಾಯೆವ್‌ಗೆ 36. 29 ಎಂಬುದು ನಿಲ್ಲಿಸಲು ಕಾರಣವಲ್ಲ. ಸೊಂಟ ಕಾರಣವಾಗಬಹುದು, ಮನಸ್ಸು ತುಂಬಿರುವುದೂ ಕಾರಣವಾಗಬಹುದು.

ಹಾಗಾದರೆ ಏನು ಮಾಡುವುದು? ಈಗಲೇ ಸ್ಪರ್ಧೆ ಬಿಟ್ಟು ಮುಖ್ಯ ಕೋಚ್ ಆಗಬಹುದು. ಕ್ಲಬ್ಬಿಗೆ ಇದೇ ಬೇಕು. ಅಪಾಯವೆಂದರೆ, ನೋವಿನಿಂದಾಗಿ ಅವಸರದಲ್ಲಿ ಬಿಟ್ಟವರಿಗೆ ಆಟ ಒಳಗೆ ಮುಗಿದಿರುವುದಿಲ್ಲ, ಮುಗಿಯದ ಆ ಆಟವನ್ನು ಅವರು ಮಕ್ಕಳ ಮೂಲಕ ಆಡುತ್ತಾರೆ. ನಿಮ್ಮಲ್ಲಿ ಅದರ ಸುಳಿವು ಆಗಲೇ ಇದೆ. ಒಂದು ವರ್ಷ ಕಲಿಸುವುದನ್ನು ಬಿಟ್ಟು ಸೊಂಟ ಸರಿಮಾಡಿಕೊಂಡು ಕೊನೆಯ ಋತು ಆಡಬಹುದು. ಹೀಗೆ ಮಾಡಿದವರಿಗೆ ಸಾಮಾನ್ಯವಾಗಿ ಮನಸ್ಸಿಗೆ ನೆಮ್ಮದಿ, ಆದರೆ ಆದಾಯ ನಿಲ್ಲುತ್ತದೆ, ಕ್ಲಬ್ಬಿನವರು ಕಾಯದೆ ಬೇರೆಯವರನ್ನು ತರಬಹುದು, ಸೊಂಟ ಒಪ್ಪದೆಯೂ ಇರಬಹುದು. ಈಗಿನಂತೆ ಎರಡನ್ನೂ ಎಳೆದುಕೊಂಡು ಹೋಗುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಮಕ್ಕಳಲ್ಲಿ 17ರವರು ಇದ್ದಾರೆ. ಮುಂದಿನ ವರ್ಷ ಅವರಲ್ಲಿ ಒಬ್ಬಳು 18 ತುಂಬಿ ಹಿರಿಯರ 61 ಕೆ.ಜಿ. ವರ್ಗಕ್ಕೆ ಬಂದರೆ ಅವಳ ಕೋಚ್ ಆಗಿ ಕೂರುತ್ತೀರೋ, ಎದುರಾಳಿಯಾಗಿ ನಿಲ್ಲುತ್ತೀರೋ? ಅವಳ ದೌರ್ಬಲ್ಯಗಳೆಲ್ಲ ನಿಮಗೆ ಗೊತ್ತು, ಅದೂ ಅವಳೇ ನಂಬಿ ತೋರಿಸಿದ್ದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮುಖ್ಯ ಕೋಚ್ ಹುದ್ದೆಯನ್ನು ಈ ವರ್ಷಕ್ಕೆ ಬೇಡ ಅನ್ನುತ್ತಿದ್ದೆ, ಕೆಲಸವನ್ನಲ್ಲ. ಅನುಭವಿ ಕೋಚ್ ಒಬ್ಬರ ಕೈಕೆಳಗೆ ಸಹಾಯಕರಾಗಿ ಸೇರಿ. ಅವರು ಪ್ರಸಿದ್ಧರಾಗಿರಬೇಕೆಂದಿಲ್ಲ, ಅವರ ಶಿಷ್ಯರು ಒಬ್ಬರಿಗಿಂತ ಒಬ್ಬರು ಬೇರೆ ರೀತಿ ಆಡುತ್ತಾರೆಯೇ ನೋಡಿ, ಅದೇ ಒಳ್ಳೆಯ ಗುರುತು. ಆ ವರ್ಷದಲ್ಲಿ ಸೊಂಟದ ಚಿಕಿತ್ಸೆ ಮುಗಿಸಿ, ಆಡುವ ಆಸೆ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಿ. ಕೋಚಿಂಗ್ ಪ್ರಮಾಣಪತ್ರವನ್ನೂ ಈಗಲೇ ಮಾಡಿಕೊಳ್ಳಿ. ನಿಮ್ಮ ಡಾನ್ ದರ್ಜೆ (ಕಪ್ಪು ಬೆಲ್ಟಿನ ಮಟ್ಟ) ಮುಖ್ಯವಾಗಿ ನಿಮ್ಮ ಕರಾಟೆಯನ್ನು ಅಳೆದದ್ದು, ಕಲಿಸುವುದನ್ನಲ್ಲ. ವಿಶ್ವ ಕರಾಟೆ ಫೆಡರೇಷನ್ ಕೂಟಗಳಲ್ಲಿ ಕುರ್ಚಿಯಲ್ಲಿ ಕೂರಲು ಕೋಚ್ ಪರವಾನಗಿಯೂ ಬೇಕು. ರೆಫರಿ ಕೋರ್ಸ್‌ಗೂ ಹೋಗಿ ಬನ್ನಿ, ರೆಫರಿ ಆಗದಿದ್ದರೂ ಆ ಕಡೆಯಿಂದ ಬೌಟ್ ಹೇಗೆ ಕಾಣುತ್ತದೆ ಎಂದು ಗೊತ್ತಾಗುತ್ತದೆ.

ಹಣದ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಟೋಕಿಯೊ ನಂತರ ಪ್ಯಾರಿಸ್‌ನಲ್ಲಿ ಕರಾಟೆ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಒಲಿಂಪಿಕ್ ಹೆಸರಿನಲ್ಲಿ ಬರುವ ಅನುದಾನವನ್ನು ನಂಬಿ ವೃತ್ತಿ ಕಟ್ಟುವ ಕಾಲ ಇದಲ್ಲ. ವಿಶ್ವ ಚಾಂಪಿಯನ್‌ಶಿಪ್ 1970ರಿಂದ ನಡೆದುಕೊಂಡು ಬಂದಿದೆ, ಖಂಡಗಳ ಮಟ್ಟದ ಕೂಟಗಳೂ ಇವೆ, ಆಟಕ್ಕೇನೂ ಕುತ್ತಿಲ್ಲ. ಆದರೆ ಕೋಚ್‌ನ ಹೊಟ್ಟೆಪಾಡು ನಡೆಯುವುದು ಪದಕ ಗೆಲ್ಲದ, ವರ್ಷಗಟ್ಟಲೆ ಬರುತ್ತಲೇ ಇರುವ ಸಾಧಾರಣ ಮಕ್ಕಳಿಂದ. ಅವರನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದರ ಮೇಲೆ ಕ್ಲಬ್ ನಿಲ್ಲುತ್ತದೆ. ಕ್ಲಬ್ಬಿನವರು ಏನೇ ಹುದ್ದೆ ಕೊಡಲಿ, ಬಾಯಿಮಾತಿನಲ್ಲಿ ಒಪ್ಪಬೇಡಿ. ಸಂಬಳ ಎಷ್ಟು, ತಂಡದ ಆಯ್ಕೆಯಲ್ಲಿ ಕೊನೆಯ ಮಾತು ಯಾರದು, ಮಕ್ಕಳಿಗೆ ಗಾಯವಾದರೆ ವಿಮೆ ಇದೆಯೇ, ಪಂದ್ಯಾವಳಿಯ ಪ್ರಯಾಣ ಖರ್ಚು ಯಾರದು, ನೀವು ಸ್ಪರ್ಧೆಗೆ ಹೋದ ವಾರಗಳಲ್ಲಿ ತರಗತಿ ಯಾರು ನೋಡಿಕೊಳ್ಳುತ್ತಾರೆ, ಇಷ್ಟನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ, ಅವರಿಗೆ ಬೇಕಿರುವುದು ಕೋಚ್ ಅಲ್ಲ, ಜಾಹೀರಾತಿಗೆ ಒಂದು ಫೋಟೊ.